ಮಂತ್ರ ಬಾರದ ದ್ಯಾಮಪ್ಪ

"ನಿನ್ನ ಕ್ಲಾಸ್ ಯಾವುದು?" ಎಂದು ರಸೆಲ್ ಕೇಳಿದಾಗ ಕುಬೇರಪ್ಪನವರು ನೆಟ್ಟಗೆ ಕೂತು, "ಫಸ್ಟ್ ಕ್ಲಾಸ್, ವಿತ್ ಡಿಸ್ಟಿಂಕ್ಷನ್" ಎಂದರಂತೆ. ಮೇಜಿನ ಸುತ್ತ ಇದ್ದವರಿಗೆ ಏನೂ ಅರ್ಥವಾಗಲಿಲ್ಲ. ರಸೆಲ್ ಕೇಳಿದ್ದು ಹುಬ್ಬಳ್ಳಿಯ ಇಂಜಿನಿಯರಿಂಗ್ ಕಾಲೇಜಿನ ಫಲಿತಾಂಶವನ್ನಲ್ಲ. ಅವರು ಆಡಲು ಹೊರಟಿದ್ದ ಆಟದಲ್ಲಿ ಯಾವ ವರ್ಗದ ಪಾತ್ರ ಬೇಕು ಎಂದು: ಮಾಂತ್ರಿಕನೋ, ಪೂಜಾರಿಯೋ, ಕಳ್ಳನೋ, ಬರೀ ಕತ್ತಿ ಹಿಡಿದ ಕಾದಾಳೋ.

"ಅದರಲ್ಲಿ ಸಾಮಾನ್ಯ ಮನುಷ್ಯ ಯಾರು?" ಎಂದು ಕುಬೇರಪ್ಪನವರು ಕೇಳಿದರು.

"ಕಾದಾಳು. ಆದರೆ ಅವನಿಗೂ ಏನಾದರೂ ಸೇರಿಸಬಹುದು. ಮಂತ್ರದ ಕತ್ತಿ, ದೇವರ ವರ..."

"ಬೇಡ. ಅವನೇ ಸಾಕು."

ಈ ಆಟ ಗೊತ್ತಿಲ್ಲದವರಿಗಾಗಿ ಒಂದು ಮಾತು. ಇದರಲ್ಲಿ ಹಲಗೆ ಇಲ್ಲ, ಕಾಯಿ ಇಲ್ಲ. ಒಬ್ಬ ಕತೆ ನಡೆಸುತ್ತಾನೆ: ನೀವು ಒಂದು ಗುಹೆಯ ಮುಂದೆ ನಿಂತಿದ್ದೀರಿ, ಒಳಗಿನಿಂದ ಏನೋ ಸದ್ದು ಬರುತ್ತಿದೆ, ಏನು ಮಾಡುತ್ತೀರಿ? ಉಳಿದವರು ತಂತಮ್ಮ ಪಾತ್ರದ ಪರವಾಗಿ ಉತ್ತರ ಹೇಳುತ್ತಾರೆ. ಹೇಳಿದ್ದು ಕೈಗೂಡಿತೋ ಇಲ್ಲವೋ ಎಂಬುದನ್ನು ಇಪ್ಪತ್ತು ಮುಖದ ದಾಳ ತೀರ್ಮಾನಿಸುತ್ತದೆ. ಒಂದು ದಿನಕ್ಕೆ ಮುಗಿಯುವ ಆಟವೂ ಅಲ್ಲ. ಅದೇ ಪಾತ್ರಗಳು ವಾರದಿಂದ ವಾರಕ್ಕೆ ಮುಂದುವರಿಯುತ್ತವೆ, ಮುಂದುವರಿದಂತೆ ಬಲಿಯುತ್ತವೆ.

ಪಾತ್ರಕ್ಕೆ ಹೆಸರು ಬೇಕಿತ್ತು. ಕುಬೇರಪ್ಪನವರು 'ದ್ಯಾಮಪ್ಪ' ಎಂದಿಟ್ಟರು. ಅಮೆರಿಕನ್ನರ ನಾಲಿಗೆಯಲ್ಲಿ ಅದು ಮೊದಲು ಡೈಮಪ್ಪ ಆಗಿ, ಆಮೇಲೆ ಬರೀ ಡೈಮ್ ಆಯಿತು. ಡೈಮ್ ಎಂದರೆ ಅಲ್ಲಿನ ಹತ್ತು ಸೆಂಟಿನ ಬಿಲ್ಲೆ. "ಅಡ್ಡಿಯಿಲ್ರಿ" ಎಂದು ನನಗೆ ಹೇಳಿ ನಕ್ಕಿದ್ದರು. "ನಮ್ಮ ಓಣ್ಯಾಗ ಮೂರು ಮಂದಿ ದ್ಯಾಮಪ್ಪ ಇದ್ರು. ಕರದ್ರ, ಯಾವ ದ್ಯಾಮಪ್ಪ ಅಂತ ಕೇಳಬೇಕು. ಅಂಥಾ ಹೆಸರಽ ಬೇಕಾಗಿತ್ತು."

ಆಗ ೧೯೮೩. ಅಮೆರಿಕದ ಸನ್ನಿವೇಲ್‌ನಲ್ಲಿ ಕಂಪ್ಯೂಟರಿನ ಡಿಸ್ಕ್ ಡ್ರೈವ್ ತಯಾರಿಸುವ ಕಂಪನಿಯೊಂದರಲ್ಲಿ ನಾವಿಬ್ಬರೂ ಕೆಲಸಕ್ಕಿದ್ದೆವು. ನಾನು ಡಿಸ್ಕುಗಳಿಗೆ ಲೋಹದ ಲೇಪ ಕೊಡುವ ಪ್ಲೇಟಿಂಗ್ ಲ್ಯಾಬಿನಲ್ಲಿ ಕೆಮಿಸ್ಟ್. ಕುಬೇರಪ್ಪನವರು ಕಾರಿಡಾರಿನ ಕೊನೆಯ ಕೋಣೆಯಲ್ಲಿ ಡ್ರೈವ್‌ಗಳನ್ನು ನಡುಗುವ ಮೇಜಿಗೆ ಬಿಗಿದು, ಎಷ್ಟು ನಡುಗಿಸಿದರೆ ಕೆಡುತ್ತವೆ ಎಂದು ನೋಡುತ್ತಿದ್ದರು. ಆ ಮೇಜಿನ ಸದ್ದಿಗೆ ಕಿವಿಗೆ ಮುಚ್ಚಳ ಹಾಕಿಕೊಂಡೇ ಇರಬೇಕು. ಬೆಳಿಗ್ಗೆ ಒಳಗೆ ಹೋದವರಿಗೆ ಸಂಜೆಯ ತನಕ ಒಂದು ಮಾತೂ ಕಿವಿಗೆ ಬೀಳುತ್ತಿರಲಿಲ್ಲ.

ಊರು ರಾಣೆಬೆನ್ನೂರು. ವಯಸ್ಸು ಮೂವತ್ತಾರರ ಆಸುಪಾಸು. ಮದುವೆಯ ಮಾತು ಎರಡು ಸಲ ಬಂದು, ಎರಡು ಸಲವೂ ವೀಸಾದ ಬಳಿ ನಿಂತುಹೋಗಿತ್ತು. ಲಾರೆನ್ಸ್ ರಸ್ತೆಯ ಪಕ್ಕದ ಅಪಾರ್ಟ್‌ಮೆಂಟಿನಲ್ಲಿ ಒಬ್ಬರೇ. ಕಿಟಕಿಯಾಚೆ ಆಗಿನ್ನೂ ಉಳಿದಿದ್ದ ಒಂದು ಚೆರ್ರಿ ತೋಟ, ಅದರಾಚೆ ಕಾರುಗಳು.

ಕನ್ನಡದವರು ಇರಲಿಲ್ಲವೇ ಎಂದರೆ, ಇದ್ದರು. ಯೂನಿಯನ್ ಸಿಟಿಯಲ್ಲಿ ದ್ವಾರಕಾನಾಥ ಅವರ ಮನೆಯಲ್ಲಿ ತಿಂಗಳಿಗೊಮ್ಮೆ ಎಲ್ಲರೂ ಒಂದೊಂದು ಅಡುಗೆ ಮಾಡಿಕೊಂಡು ಸೇರುತ್ತಿದ್ದೆವು. ಹೆಚ್ಚಿನವರು ಬೆಂಗಳೂರು, ಮೈಸೂರಿನ ಕಡೆಯವರು. ಒಮ್ಮೆ ಊಟಕ್ಕೆ ಕೂತಾಗ ಕುಬೇರಪ್ಪನವರು, "ಇನ್ನಷ್ಟು ಮಸರ ನೀಡ್ರಿ" ಎಂದರು.

"ನೀಡ್ರಿ! ಆಹಾ, ಮಹಾರಾಜರ ಸಭೆ ಇದ್ದಂಗಿದೆ" ಎಂದು ದ್ವಾರಕಾನಾಥ ತಟ್ಟೆ ಹಿಡಿದುಕೊಂಡೇ ಕೂಗಿದರು. "ರೀ, ಎಲ್ರೂ ಬನ್ನಿ ಇಲ್ಲಿ, ಇವ್ರು ಏನಂದ್ರು ಕೇಳಿ. ಕುಬೇರಪ್ಪ, ಇನ್ನೊಂದ್ಸಲ ಹೇಳ್ರೀ, ಪ್ಲೀಸ್!"

ಅವರು ಇನ್ನೊಂದು ಸಲ ಹೇಳಿದರು. ಮಕ್ಕಳು ಟೀವಿ ಬಿಟ್ಟು ಬಂದು ಇಂಗ್ಲೀಷಿನಲ್ಲಿ ಮತ್ತೊಮ್ಮೆ ಕೇಳಿದವು. ಯಾರಿಗೂ ಕೆಟ್ಟ ಮನಸ್ಸಿರಲಿಲ್ಲ. ಮೂರನೆಯ ಸಲಕ್ಕೆ ಅವರು ಮುಗುಳ್ನಕ್ಕು, ತಟ್ಟೆ ತೊಳೆದಿಟ್ಟು ಬಂದರು. ಆಮೇಲಿನ ತಿಂಗಳುಗಳಲ್ಲಿ ಅವರಿಗೆ ಪ್ರತಿ ಸಲವೂ ಏನೋ ಒಂದು ಕೆಲಸ ಇರುತ್ತಿತ್ತು.

ರಸೆಲ್ ನಮ್ಮ ಟೂಲ್ ರೂಮಿನ ಮೆಷಿನಿಸ್ಟ್. ದೊಡ್ಡ ಆಳು, ಕೆಂಪು ಗಡ್ಡ. ನಡುಗುವ ಮೇಜಿಗೆ ಬೇಕಾದ ಕ್ಲಾಂಪುಗಳನ್ನು ಮಾಡಿಕೊಡುತ್ತಿದ್ದವನು ಅವನೇ. ಕ್ಯಾಂಟೀನಿನಲ್ಲಿ ಕುಬೇರಪ್ಪನವರು ಯಾವಾಗಲೂ ಗೋಡೆಗೆ ಮುಖ ಮಾಡಿ ಉಣ್ಣುವುದನ್ನು ನೋಡಿ, ಶನಿವಾರ ಮಧ್ಯಾಹ್ನ ಕ್ಯಾಂಪ್‌ಬೆಲ್‌ನ ತನ್ನ ಮನೆಯ ಗರಾಜಿಗೆ ಬಾ ಎಂದು ಕರೆದಿದ್ದ. ಅಲ್ಲಿಂದಾಚೆ ಅವರ ವಾರಕ್ಕೆ ಒಂದು ಶನಿವಾರ ಬಂತು. ಸೋಮವಾರ ನನ್ನೆದುರು ಊಟದ ಡಬ್ಬಿ ಬಿಚ್ಚಿದರೆ ದ್ಯಾಮಪ್ಪನದೇ ಮಾತು.

"ಅಲ್ಲ ಕುಬೇರಪ್ಪನವರೇ," ಎಂದು ಒಮ್ಮೆ ಕೇಳಿದೆ, "ಏನು ಬೇಕಾದ್ರೂ ಆಗಬಹುದಾದ ಆಟದಲ್ಲಿ ಹೋಗಿ ಹೋಗಿ ಗೇಟ್ ಕಾಯೋನ ಥರ ಇರ್ತೀರಲ್ಲ, ಬೇಜಾರಾಗಲ್ವಾ?"

"ನೋಡ್ರಿ ಅಕ್ಕಾರ, ಮಂತ್ರ ಬರಾಂವ ಒಬ್ಬನಽ ಹೋಗಿ ಒಬ್ಬನಽ ಬರಬಹುದು. ಇವಂಗ ಹಂಗ ಬರಂಗಿಲ್ಲ. ಇವನ ಬಾಜೂಕ ಯಾರರ ನಿಲ್ಲಬೇಕು, ಹಿಂದ ಯಾರರ ಇರಬೇಕು. ಅಂದ್ರಽ ಉಳಿತಾನ." ರೊಟ್ಟಿಯ ಒಂದು ತುಂಡು ಮುರಿದರು. "ಹಿಂದ ಮಂದಿ ಇದ್ರ ಒಂದು ನಮೂನಿ ಬೆಚ್ಚಗ ಇರ್ತೈತ್ರಿ."

ಅದು ನಿಜವೂ ಆಗಿತ್ತು. ಈ ಆಟದಲ್ಲಿ ಮಾಂತ್ರಿಕರು ಶುರುವಿನಲ್ಲಿ ಬಹಳ ಬಡಕಲು. ಪಬ್ಲಿಕ್ ಲೈಬ್ರರಿಯಲ್ಲಿ ಕೆಲಸ ಮಾಡುತ್ತಿದ್ದ ಡೆಬ್ರಾ ಎಂಬಾಕೆಯ ಮಾಂತ್ರಿಕಳು ಬೆಕ್ಕು ಪರಚಿದರೂ ಸಾಯುವಷ್ಟು ದುರ್ಬಲಳು. ಇಕ್ಕಟ್ಟಾದ ಸುರಂಗದಲ್ಲಿ ದ್ಯಾಮಪ್ಪ ಗುರಾಣಿ ಹಿಡಿದು ಮುಂದೆ ನಿಲ್ಲುತ್ತಿದ್ದ. ಅವನ ಬೆನ್ನಿಗೆ ಅಂಟಿಕೊಂಡ ಡೆಬ್ರಾ, "ಡೈಮ್, ಒಂಚೂರು ಬಗ್ಗು!" ಎಂದು ಅವನ ಹೆಗಲ ಮೇಲಿಂದ ತನ್ನ ಒಂದೇ ಒಂದು ಮಂತ್ರವನ್ನು ಎಸೆಯುತ್ತಿದ್ದಳು. ಬಗ್ಗಿದ ದ್ಯಾಮಪ್ಪ ಮತ್ತೆ ಎದ್ದು ನಿಲ್ಲುತ್ತಿದ್ದ. ಸುಮಾರು ಒಂದೂವರೆ ವರ್ಷ ಹೀಗೇ ನಡೆಯಿತು.

ಆದರೆ ಪಾತ್ರಗಳು ಬಲಿಯುತ್ತವೆ, ಎಲ್ಲವೂ ಒಂದೇ ಪ್ರಮಾಣದಲ್ಲಿ ಅಲ್ಲ. ಕಾದಾಳು ಬಲಿತರೆ ಮೊದಲಿಗಿಂತ ಸ್ವಲ್ಪ ಚೆನ್ನಾಗಿ ಕತ್ತಿ ಬೀಸುತ್ತಾನೆ. ಮಾಂತ್ರಿಕಳು ಬಲಿತರೆ ಬೆಂಕಿಯ ಮಳೆ ಸುರಿಸುತ್ತಾಳೆ, ಗೋಡೆಯೊಳಗೆ ಹಾದುಹೋಗುತ್ತಾಳೆ. ಮೂರನೆಯ ವರ್ಷದ ಹೊತ್ತಿಗೆ ಉಳಿದ ಮೂವರೂ ಹಾರಲು ಕಲಿತಿದ್ದರು. ಸುರಂಗಗಳ ಕತೆ ಮುಗಿದು ಆಕಾಶದ ಕತೆ ಶುರುವಾಯಿತು. ಆಕಾಶದಲ್ಲಿ ಮುಂದಿನ ಸಾಲು ಎಂಬುದಿಲ್ಲ.

"ಸರಿ, ಎಲ್ಲರೂ ಹಾರಿದಿರಿ. ಡೈಮ್?" ಎಂದು ಕತೆ ನಡೆಸುವ ರಸೆಲ್ ಕೇಳುತ್ತಿದ್ದ. ಮೊದಮೊದಲು ಯಾರಾದರೊಬ್ಬರು ಕಂಕುಳಲ್ಲಿ ಹೊತ್ತೊಯ್ಯುತ್ತಿದ್ದರು. ಅದು ಬೇಸರವಾದ ಮೇಲೆ ದ್ಯಾಮಪ್ಪ ಕಣಿವೆ ಸುತ್ತಿ ನಡೆದು ಬರುತ್ತಿದ್ದ. ಅವನ ನಡಿಗೆಯನ್ನು ರಸೆಲ್ ಬೇರೆಯಾಗಿ ಆಡಿಸಬೇಕು. ಆ ಹೊತ್ತಿನಲ್ಲಿ ಉಳಿದವರು ಎದ್ದು ಸೋಡಾ ತರಲು ಹೋಗುತ್ತಿದ್ದರು, ಫ್ರಿಜ್ಜಿನ ಬಳಿ ನಿಂತು ಬೇಸ್‌ಬಾಲ್ ಮಾತಾಡುತ್ತಿದ್ದರು. ಕುಬೇರಪ್ಪನವರು ಇದನ್ನು ದೂರಿನಂತೆ ಹೇಳಲಿಲ್ಲ. "ಅವರ ಟೈಮ್ ಹಾಳಾಕ್ಕೈತ್ರಿ" ಎಂದಷ್ಟೇ ಹೇಳಿದರು. ಸೋಮವಾರದ ಕತೆಗಳು ಸಣ್ಣವಾಗುತ್ತ ಬಂದವು.

೧೯೮೫ರ ಅಕ್ಟೋಬರ್‌ನಲ್ಲಿ ಅವರ ಹಳೆಯ ಡಾಟ್ಸನ್ ಕೆಟ್ಟು, ಅದರ ಬಿಡಿಭಾಗಕ್ಕೆ ಕಾಯುತ್ತ ಮೆಕ್ಯಾನಿಕ್ಕಿನ ಬಳಿ ಕೂತಿತು. ಶನಿವಾರ ಕ್ಯಾಂಪ್‌ಬೆಲ್‌ಗೆ ನಾನೇ ಕರೆದುಕೊಂಡು ಹೋದೆ. ವಾಪಸ್ಸು ಬಂದು ಮತ್ತೆ ಹೋಗುವ ಬದಲು ಅಲ್ಲೇ ಇರಿ ಎಂದು ರಸೆಲ್ ಹೇಳಿದ್ದರಿಂದ, ಗರಾಜಿನ ಮೂಲೆಯಲ್ಲಿ ಬಟ್ಟೆ ಒಗೆಯುವ ಮೆಷಿನ್ನಿನ ಪಕ್ಕ ಒಂದು ಕುರ್ಚಿ ಹಾಕಿಕೊಂಡು ಕೂತೆ.

ಆ ದಿನ ರಸೆಲ್ ಏನೋ ಸಂಭ್ರಮದಲ್ಲಿದ್ದ. ಎಲ್ಲರೂ ಕೂತ ಮೇಲೆ ಗಂಟಲು ಸರಿಮಾಡಿಕೊಂಡು ಕತೆ ಶುರುಮಾಡಿದ. ದ್ಯಾಮಪ್ಪ ಒಬ್ಬನೇ ನದಿಯ ದಂಡೆಯಲ್ಲಿ ನಡೆಯುತ್ತಿದ್ದಾನೆ. ನೀರು ಸೀಳುತ್ತದೆ. ನಡುವಿನಿಂದ ನದಿಯ ದೇವತೆ ಏಳುತ್ತಾಳೆ.

"ದ್ಯಾಮಪ್ಪಾ," ಎಂದ ರಸೆಲ್ ದೇವತೆಯ ದನಿಯಲ್ಲಿ. ಡೈಮ್ ಅಲ್ಲ, ದ್ಯಾಮಪ್ಪ. ಮನೆಯಲ್ಲಿ ಹೇಳಿ ಹೇಳಿ ಅಭ್ಯಾಸ ಮಾಡಿದ್ದನೆಂದು ಗೊತ್ತಾಗುತ್ತಿತ್ತು. "ನನ್ನ ಮುಂದೆ ಮಂಡಿಯೂರು. ನೀನೇ ನನ್ನ ದೇವರು, ನಿನಗೆ ಶರಣು ಎನ್ನು. ಇವತ್ತಿನಿಂದ ನಿನ್ನ ಕಾಲು ನೆಲಕ್ಕೆ ತಾಗುವುದಿಲ್ಲ."

ಎಲ್ಲರೂ ಕುಬೇರಪ್ಪನವರ ಮುಖ ನೋಡಿದರು.

"ಹೂಂ ಅನ್ನು, ಡೈಮ್!" ಎಂದಳು ಡೆಬ್ರಾ. "ನಿನ್ನನ್ನು ಸೂಟ್‌ಕೇಸಿನ ಥರ ಹೊತ್ತು ಹಾರೋದು ನನಗೂ ತಪ್ಪುತ್ತೆ."

ಕುಬೇರಪ್ಪನವರ ಕೈ ಅಂಗಿಯ ಎರಡನೆಯ ಗುಂಡಿಯ ಹತ್ತಿರ ಹೋಗಿ ಅಲ್ಲೇ ನಿಂತಿತು. "ಆಗೋದಿಲ್ಲ" ಎಂದರು.

"ಯಾಕೆ?"

ಅವರು ಸ್ವಲ್ಪ ಹುಡುಕಾಡಿ, ಆಫೀಸಿನಲ್ಲಿ ಬಳಸುವ ಇಂಗ್ಲೀಷನ್ನೇ ಹೇಳಿದರು: "ಐ ಹ್ಯಾವ್ ಎ ಪ್ರಯರ್ ಕಮಿಟ್‌ಮೆಂಟ್."

ಗರಾಜು ನಕ್ಕಿತು. "ದೇವತೆಗೇ ಮೆಮೊ ಕಳಿಸ್ತಾನೆ!" ಎಂದು ಯಾರೋ ಅಂದರು. ಕುಬೇರಪ್ಪನವರು ನಗದಿದ್ದುದನ್ನು ನೋಡಿ ನಗು ನಿಂತಿತು.

"ಇದು ಬರೀ ಆಟ ಕಣೋ," ಎಂದ ರಸೆಲ್ ಮೆಲ್ಲಗೆ. "ಮುಂದಿನದು ಬಂಡೆಯ ತುದಿಯ ಕೋಟೆ. ಗಾಳಿಯಲ್ಲಿ ಬಿಟ್ಟರೆ ಬೇರೆ ದಾರಿ ಇಲ್ಲ. ನೀನು ಹಾರದಿದ್ದರೆ ನಿನ್ನನ್ನು ಕತೆಯಲ್ಲಿ ಎಲ್ಲಿ ಇಡಲಿ?"

"ನಿನಗೋಸ್ಕರ ಎಷ್ಟು ಕೂತು ಯೋಚನೆ ಮಾಡಿದ್ದಾನೆ ಗೊತ್ತಾ?" ಎಂದಳು ಡೆಬ್ರಾ. ಅವಳ ದನಿಯಲ್ಲಿ ಸಿಟ್ಟಿತ್ತು.

"ಗೊತ್ತು. ಥ್ಯಾಂಕ್ಯೂ" ಎಂದರು ಕುಬೇರಪ್ಪನವರು. ಆಮೇಲೆ ಎಲ್ಲರ ಮುಖವನ್ನೂ ಒಂದು ಸಲ ನೋಡಿ, ಕೈ ಮುಂದೆ ಚಾಚಿ ದಾರಿ ಬಿಟ್ಟುಕೊಡುವವರಂತೆ ಹೇಳಿದರು: "ಯು ಗೋ ಇನ್ ಫ್ರಂಟ್. ಐ ವಿಲ್ ಕಮ್ ಫ್ರಮ್ ದ ಬ್ಯಾಕ್."

ರಸೆಲ್ ಹುಬ್ಬು ಗಂಟಿಕ್ಕಿದ, ಅವರನ್ನೇ ನೋಡಿದ, ತಲೆಯಾಡಿಸಿ ಹಾಳೆಯಲ್ಲಿ ಏನೋ ಗೀಚಿಕೊಂಡ. ಮಿಕ್ಕವರು ಕೋಟೆಯ ಕಡೆ ಹಾರಿದರು. ಕುಬೇರಪ್ಪನವರು ಸಂಜೆಯವರೆಗೂ ಕೈಕಟ್ಟಿ ಕೂತು ಕೇಳಿದರು.

ವಾಪಸ್ಸು ಬರುವಾಗ ನಮ್ಮ ಕಾರು ಫ್ರೀವೇ ಹತ್ತಿತು.

"ಮುಗೀತ್ರಿ ಅಕ್ಕಾರ," ಎಂದರು. "ನೀವು ಮುಂದ ನಡೀರಿ, ನಾ ಹಿಂದಿಂದ ಬರ್ತೀನಿ ಅಂತ ಹೇಳಿ ಬಂದೆ."

ನನಗೆ ಅದರ ಅರ್ಥ ಆಗಲೇ ಆಗಿತ್ತು. ಹೊರಟವರ ಕಾಲಿಗೆ ತೊಡಕಾಗಬಾರದೆಂದು ಹಿಂದೆ ಉಳಿಯುವವನು ಹೇಳುವ ಮಾತು. ಅದನ್ನು ಹೇಳಿದವರು ಬರುತ್ತಾರೆಂದು ನಮ್ಮಲ್ಲಿ ಯಾರೂ ದಾರಿ ಕಾಯುವುದಿಲ್ಲ.

"ಒಂದು ಸಲ ಹೂಂ ಅಂದಿದ್ರೆ ಆಗ್ತಿತ್ತಲ್ಲ. ಅನ್ನೋನು ದ್ಯಾಮಪ್ಪ ತಾನೇ?"

"ಅಂವ ದ್ಯಾಮಪ್ಪ ಅನ್ನೂದು ಖರೆ. ಬಾಯಿ ನಂದಽ ಅಲ್ರಿ?" ಕೈ ಮತ್ತೆ ಅಂಗಿಯ ಗುಂಡಿಯ ಬಳಿ ಹೋಯಿತು. ಒಳಗೆ ಲಿಂಗದ ಕರಡಿಗೆ ಇತ್ತು. "ನಾ ಏನು ದಿನಾ ಭಾಳ ಪೂಜಿ ಮಾಡಾಂವ ಅಲ್ಲ. ಖರೇ ಹೇಳ್ತೀನಿ, ಎಷ್ಟೋ ದಿನ ಮರೀತೀನಿ. ಆದ್ರ ಇದನ್ನ ಕಟ್ಕೊಂಡು ಇನ್ನೊಬ್ಬರಿಗೆ ನೀನಽ ದೇವರು, ಶರಣು ಅನ್ನಾಕ ನಾಲಿಗಿ ಹೊಳ್ಳವಲ್ದು. ಸುಳ್ಳಽ ಅಂದ್ರೂ ಹೊಳ್ಳವಲ್ದು."

"ಅವರಿಗೆ ಹೀಗೇ ಹೇಳಬಹುದಿತ್ತು."

"ಹೆಂಗ ಹೇಳೂದ್ರಿ? ಶುರು ಮಾಡಿದ್ರ ಹನ್ನೆರಡನೇ ಶತಮಾನದಿಂದ ಶುರು ಮಾಡಬೇಕು."

ನಗು ಬಂತು, ಇಬ್ಬರಿಗೂ. ಆದರೆ ಅವರದು ಬೇಗ ಹೋಯಿತು. ಕಾರಿನಿಂದ ಇಳಿಯುವಾಗ, "ಮುಂದಿನ ಶನಿವಾರ ಏನ್ಮಾಡ್ತೀರಿ?" ಎಂದು ಕೇಳಿದೆ.

"ಬಟ್ಟಿ ಒಗೀಬೇಕ್ರಿ" ಎಂದರು. ಮೆಟ್ಟಿಲು ಹತ್ತಿ, ಒಳಗೆ ದೀಪ ಹಾಕಿದ್ದು ಕಾಣಿಸಿತು. ಪರದೆ ಸರಿಯಲಿಲ್ಲ.

ಆ ಶನಿವಾರ ಅವರು ನಿಜವಾಗಿಯೂ ಬಟ್ಟೆ ಒಗೆದರು. ಲಾಂಡ್ರಿಯಲ್ಲಿ ಗಾಜಿನ ಬಾಗಿಲಿನ ಹಿಂದೆ ಅಂಗಿಗಳು ತಿರುಗುವುದನ್ನು ನೋಡಿದರು. ಆಮೇಲೆ ಎಲ್ ಕಮಿನೋ ರಸ್ತೆಯಲ್ಲಿ ನಡೆದರು. ಅಲ್ಲಿ ಯಾರೂ ನಡೆಯುವುದಿಲ್ಲ, ಕಾರುಗಳು ನಿಧಾನ ಮಾಡಿ ನೋಡಿ ಹೋಗುತ್ತವೆ. ಗ್ರೋಸರಿ ಅಂಗಡಿಯಲ್ಲಿ ಬಿಲ್ ಮಾಡುವ ಹುಡುಗಿಗೆ ಹೇಳಿದ ಥ್ಯಾಂಕ್ಯೂ ಬಿಟ್ಟರೆ ಆ ಎರಡು ದಿನ ಬಾಯಿಂದ ಮಾತು ಹೊರಡಲಿಲ್ಲವಂತೆ. "ಸೋಮವಾರ ನಿಮಗ ನಮಸ್ಕಾರ ಅಂದ್ನೆಲ್ಲ, ಗಂಟಲ ತುಕ್ಕು ಹಿಡಿದಂಗ ಆಗಿತ್ತು" ಎಂದರು. ಇನ್ನು ಮುಂದಿನ ಶನಿವಾರಗಳೆಲ್ಲ ಹೀಗೇ ಎಂಬುದು ಇಬ್ಬರಿಗೂ ಗೊತ್ತಿತ್ತು.

ಮಂಗಳವಾರ ಬೆಳಿಗ್ಗೆ ಅವರು ನನ್ನ ಲ್ಯಾಬಿಗೆ ಬಂದರು. ಕಿವಿಯ ಮುಚ್ಚಳ ಕೊರಳಿಗೆ ಬಿದ್ದಿತ್ತು.

"ಅಕ್ಕಾರ, ಅವತ್ತು ನೀವು ಅಲ್ಲೇ ಇದ್ರಿ. ನಾ ಏನಂದೆ?"

"ಹಿಂದಿನಿಂದ ಬರ್ತೀನಿ ಅಂದಿರಿ."

"ಇಂಗ್ಲೀಷ್‌ನ್ಯಾಗ?"

"ಐ ವಿಲ್ ಕಮ್ ಫ್ರಮ್ ದ ಬ್ಯಾಕ್." ಹೇಳುತ್ತಿದ್ದಂತೆ ನನಗೇ ಏನೋ ಹೊಳೆದು ಬೀಕರ್ ಕೆಳಗಿಟ್ಟೆ. "ಅಯ್ಯೋ."

"ಹೌದಲ್ರಿ! ದ್ಯಾಮಪ್ಪ ಕೋಟಿ ಹಿತ್ತಲ ಬಾಗಿಲಿಗೆ ಹೊಂಟಾನಂತ ತಿಳ್ಕೊಂಡಾನ ರಸೆಲ್!"

ರಸೆಲ್ ಆಗಷ್ಟೇ ನಡುಗುವ ಮೇಜಿನ ಕೋಣೆಗೆ ಬಂದು, ಆ ಸದ್ದಿನಲ್ಲೇ ಕೂಗಿ ಕೇಳಿದ್ದನಂತೆ: ಶನಿವಾರ ಯಾಕೆ ಬರಲಿಲ್ಲ? ಎಷ್ಟು ಸಲ ಫೋನ್ ಮಾಡಿದೆ? ಕೋಟೆಗೆ ಹಿಂದಿನ ದಾರಿ ಇರಬಹುದೆಂದು ನಾನು ಯೋಚಿಸಿಯೇ ಇರಲಿಲ್ಲ. ನೀನು ಹೇಳಿದ ಮೇಲೆ ಹೌದಲ್ಲ ಅನ್ನಿಸಿತು, ಅಷ್ಟು ದೊಡ್ಡ ಕೋಟೆಯ ಅಡುಗೆಮನೆಗೆ ಸೌದೆ ಹಾರಿಕೊಂಡು ಹೋಗುತ್ತದೆಯೇ? ಕೂತು ಒಂದು ಇಡೀ ಕಾಲುದಾರಿ ಮಾಡಿದ್ದೇನೆ. ಹಾರಿಹೋದವರು ಮುಂಬಾಗಿಲಲ್ಲಿ ಸಿಕ್ಕಿಬಿದ್ದಿದ್ದಾರೆ. ಅಲ್ಲಿ ಮಂತ್ರ ನಡೆಯುವುದಿಲ್ಲ. ಹಿಂಬಾಗಿಲು ತೆರೆಯುವ ತನಕ ಅವರು ಏನೂ ಮಾಡುವಂತಿಲ್ಲ. ಹಾಗಾಗಿ ಶನಿವಾರ ಆಟ ಶುರುವಾಗಲೇ ಇಲ್ಲ. ನಾಲ್ವರೂ ನಿನಗೆ ಕಾದು ಕೂತಿದ್ದು, ಆಮೇಲೆ ಎದ್ದುಹೋದೆವು.

"ಖರೇ ಹೇಳ್ಬಿಡ್ಲೇನ್ರಿ?" ಎಂದರು ಕುಬೇರಪ್ಪನವರು. "ನಾ ಬಿಟ್ಟು ಹೊಂಟಿದ್ದೆ, ಬರಾಕ ಅಲ್ಲ ಅಂತ. ಇಲ್ಲಂದ್ರ ಮೋಸ ಮಾಡಿದಂಗ ಆಕ್ಕೈತಿ."

"ಬರ್ತೀನಿ ಅಂದಿರಿ. ಅವರು ಬರ್ತೀರಿ ಅಂದುಕೊಂಡರು. ಇದರಲ್ಲಿ ಮೋಸ ಎಲ್ಲಿದೆ?"

ಅವರು ಸಿಂಕಿನ ನಲ್ಲಿಯಿಂದ ತೊಟ್ಟಿಕ್ಕುತ್ತಿದ್ದ ನೀರನ್ನು ನೋಡುತ್ತ ನಿಂತಿದ್ದು, ನಲ್ಲಿಯನ್ನು ಬಿಗಿಯಾಗಿ ತಿರುಗಿಸಿ, ಮುಚ್ಚಳವನ್ನು ಕಿವಿಗೆ ಏರಿಸಿಕೊಂಡು ಹೋದರು. ಬುಧವಾರ, ಗುರುವಾರ ಆ ವಿಷಯ ಬರಲಿಲ್ಲ. ಶುಕ್ರವಾರ ಮನೆಗೆ ಫೋನ್ ಬಂತು.

"ಅಕ್ಕಾರ, ಗಾಡಿ ಇನ್ನೂ ತಯಾರಾಗಿಲ್ರಿ. ನಿಮಗ ತ್ರಾಸಾಗೂದಿಲ್ಲಂದ್ರ..."

ಕ್ಯಾಂಪ್‌ಬೆಲ್‌ನ ಗರಾಜಿನಲ್ಲಿ ಎಲ್ಲರೂ ಮೊದಲೇ ಬಂದಿದ್ದರು. ಡೆಬ್ರಾ, "ಬಾ ಮಾರಾಯ, ಬಂದ್ಯಾ?" ಎಂಬ ಅರ್ಥ ಬರುವ ಏನೋ ಒಂದನ್ನು ಹೇಳಿ ಕುರ್ಚಿ ಎಳೆದುಕೊಟ್ಟಳು. ರಸೆಲ್ ಒಂದು ಷರತ್ತು ಹಾಕಿದ: ಮುಂಬಾಗಿಲಲ್ಲಿ ಸಿಕ್ಕಿಬಿದ್ದವರಿಗೆ ಹಿಂದೆ ನಡೆಯುವುದು ಗೊತ್ತಿರುವುದಿಲ್ಲ, ಆದ್ದರಿಂದ ಅವರು ಯಾರೂ ಮಾತಾಡಕೂಡದು, ಸಲಹೆ ಕೊಡಕೂಡದು. ಅಂದರೆ ಆ ಮಧ್ಯಾಹ್ನವೆಲ್ಲ ಕುಬೇರಪ್ಪನವರೊಬ್ಬರೇ ಮಾತಾಡಬೇಕು. ಹೆಗಲ ಪಕ್ಕಕ್ಕೆ ಯಾರೂ ಇಲ್ಲ, ಬೆನ್ನಿಗೆ ಯಾರೂ ಇಲ್ಲ. ಮೂವರು ಬಾಯಿ ಬಿಗಿಹಿಡಿದು ಅವರನ್ನೇ ನೋಡುತ್ತಿದ್ದರು.

ಅವರು ತಡವರಿಸುತ್ತ ಶುರುಮಾಡಿದರು. ದಾರಿಯುದ್ದಕ್ಕೂ ದ್ಯಾಮಪ್ಪ ಹೆಚ್ಚೇನೂ ಮಾಡಲಿಲ್ಲ. ಹಳ್ಳ ಬಂದರೆ ಕೋಲಿನಿಂದ ಆಳ ನೋಡಿ ದಾಟಿದ. ಕಾವಲಿನವರು ಕಂಡರೆ ಪೊದೆಯ ಮರೆಯಲ್ಲಿ ಕೂತ. ಬಿದ್ದ ಮರ ಕಂಡಲ್ಲಿ ನಿಂತು ಒಂದು ಹೊರೆ ಕಟ್ಟಿಗೆ ಕಡಿದು ಬೆನ್ನಿಗೆ ಕಟ್ಟಿಕೊಂಡ. ಯಾಕೆ ಎಂದು ರಸೆಲ್ ಕೇಳಲಿಲ್ಲ. ಎರಡು ಸಲ ದಾಳ ಉರುಳಿತು, ಎರಡು ಸಲವೂ ಹೇಗೋ ಪಾರಾದ. ಅವರ ಇಂಗ್ಲೀಷ್ ಅಲ್ಲಲ್ಲಿ ನಿಂತು ಮುಂದೆ ಹೋಗುತ್ತಿತ್ತು, ನಿಂತಲ್ಲೆಲ್ಲ ಗರಾಜು ಅಷ್ಟೇ ನಿಶ್ಶಬ್ದವಾಗಿರುತ್ತಿತ್ತು.

"ನೀನು ಬಾಗಿಲಿಗೆ ಬಂದೆ," ಎಂದ ರಸೆಲ್. "ದಪ್ಪ ಹಲಗೆ, ಕಬ್ಬಿಣದ ಪಟ್ಟಿ. ಒಳಗಿನಿಂದ ಪಾತ್ರೆ ತೊಳೆಯುವ ಸದ್ದು ಬರುತ್ತಿದೆ. ಏನು ಮಾಡುತ್ತೀಯ? ಬೀಗ ಒಡೀತೀಯಾ? ಕತ್ತಿ ತೆಗೀತೀಯಾ?"

"ಇಲ್ಲ," ಎಂದರು ಕುಬೇರಪ್ಪನವರು. "ಬಾಗಿಲು ತಟ್ಟುತ್ತೇನೆ."

"ತಟ್ಟುತ್ತೀಯಾ?"

"ಹೌದು. ಕಟ್ಟಿಗೆ ತಂದಿದ್ದೇನೆ ಅಂತ ಹೇಳುತ್ತೇನೆ."

ಡೆಬ್ರಾ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು. ರಸೆಲ್ ತನ್ನ ಹಾಳೆಗಳನ್ನು ಒಂದೊಂದಾಗಿ ತಿರುವಿದ. ಬೀಗ ಒಡೆದರೆ ಏನು, ಗೋಡೆ ಹತ್ತಿದರೆ ಏನು, ಕಾವಲಿನವನನ್ನು ಹೊಡೆದರೆ ಏನು ಎಂಬುದೆಲ್ಲ ಅವನ ಬಳಿ ತಯಾರಿತ್ತು. ತಟ್ಟಿದರೆ ಏನು ಎಂಬುದು ಇರಲಿಲ್ಲ. ಪೆನ್ಸಿಲ್ ಕೆಳಗಿಟ್ಟು, ಹಾಳೆಗಳನ್ನು ಪಕ್ಕಕ್ಕೆ ಸರಿಸಿದ.

"ಯಾರೋ ಬರ್ತಿದ್ದಾರೆ," ಎಂದ. "ಒಳಗಿನಿಂದ ಅಗಳಿ ತೆಗೆಯುತ್ತಿದ್ದಾರೆ."